ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯಲ್ಲಿ ರೋಗಿ ಮಾರ್ಗದರ್ಶಿಗಳು: ಒಂದು ವಿಶ್ಲೇಷಣೆ

ಮಕ್ಕಳಲ್ಲಿ ಕಂಡುಬರುವ ಕ್ಯಾನ್ಸರ್‌ಗಳ ಪೈಕಿ ಹಲವು ಗುಣವಾಗುವಂಥವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 4 ಲಕ್ಷ ಮಕ್ಕಳು ಹಾಗೂ ಹದಿಹರೆಯದವರು ಈ ಕಾಯಿಲೆಗೆ ತುತ್ತಾಗುತ್ತಾರೆ. ಶ್ರೀಮಂತ ರಾಷ್ಟ್ರಗಳಲ್ಲಿ ಶೇ. 80ಕ್ಕೂ ಹೆಚ್ಚು ಮಕ್ಕಳು ಗುಣಮುಖರಾಗುತ್ತಾರೆ. ಕಡಿಮೆ ಹಾಗೂ ಮಧ್ಯಮ ಆದಾಯದ ಅನೇಕ ರಾಷ್ಟ್ರಗಳಲ್ಲಿ ಈ ಪ್ರಮಾಣ ಶೇ. 30ಕ್ಕಿಂತಲೂ ಕಡಿಮೆ. 2030ರ ವೇಳೆಗೆ ಕನಿಷ್ಠ ಶೇ. 60ರಷ್ಟು ಮಕ್ಕಳು ಬದುಕುಳಿಯಬೇಕೆಂಬ ಗುರಿಯನ್ನು ಸಂಸ್ಥೆಯು 2018ರಲ್ಲಿ ಪ್ರಕಟಿಸಿತು. ತಡವಾದ ರೋಗಪತ್ತೆ ಹಾಗೂ ಔಷಧಿಗಳ ಕೊರತೆಯ ಜೊತೆಗೆ, ಆರಂಭವಾದ ಚಿಕಿತ್ಸೆಯನ್ನು ಅರ್ಧದಲ್ಲಿಯೇ ಕೈಬಿಡುವುದೂ ಈ ಅಂತರಕ್ಕೆ ಒಂದು ಮುಖ್ಯ ಕಾರಣವಾಗಿದೆ.

ಚಿಕಿತ್ಸೆ ಕೈಬಿಡುವುದನ್ನು ಪೋಷಕರ ಅಲಕ್ಷ್ಯವೆಂದು ಭಾವಿಸುವುದು ಸರಿಯಲ್ಲ. ಮಕ್ಕಳಲ್ಲಿ ಅತಿ ಸಾಮಾನ್ಯವಾದ ರಕ್ತದ ಕ್ಯಾನ್ಸರ್‌ಗೆ (ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ) ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಅಗತ್ಯ. ಮೊದಲ ತಿಂಗಳುಗಳ ತೀವ್ರ ಚಿಕಿತ್ಸೆ ಮುಗಿದ ನಂತರ ಮಗುವಿನ ಕೂದಲು ಮರಳಿ ಬೆಳೆಯುತ್ತದೆ, ಮಗು ಶಾಲೆಗೆ ಹೋಗಲಾರಂಭಿಸುತ್ತದೆ. ಆದರೆ ಮಾತ್ರೆಗಳು ಮತ್ತು ನಿಗದಿತ ತಪಾಸಣೆಗಳು ಇನ್ನೂ ಬಹುಕಾಲ ಮುಂದುವರಿಯಬೇಕಾಗಿರುತ್ತದೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ದೂರವಿದೆ. ಪ್ರತಿ ಭೇಟಿಗೂ ತಂದೆಯ ಕೂಲಿ ತಪ್ಪುತ್ತದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವವರಿರುವುದಿಲ್ಲ. ಮಗು ಆರೋಗ್ಯವಾಗಿಯೇ ಕಾಣುತ್ತಿರುವಾಗ ಒಂದು ಭೇಟಿ ತಪ್ಪುತ್ತದೆ, ನಂತರ ಮತ್ತೊಂದು. ಸತತ ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಚಿಕಿತ್ಸೆ ತಪ್ಪಿದಲ್ಲಿ ಅದನ್ನು ‘ಚಿಕಿತ್ಸೆ ಕೈಬಿಟ್ಟ ಪ್ರಕರಣ’ವೆಂದು ತಜ್ಞರು ಪರಿಗಣಿಸುತ್ತಾರೆ.

ರಾಜ್ಯದಲ್ಲಿ 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ ರೂ. 5 ಲಕ್ಷದವರೆಗೆ ಚಿಕಿತ್ಸಾ ವೆಚ್ಚ ಭರಿಸಲು ಅವಕಾಶ ಕಲ್ಪಿಸಲಾಗಿದೆ. ನೋಂದಾಯಿತ ಆಸ್ಪತ್ರೆಗಳಲ್ಲಿರುವ ಆರೋಗ್ಯ ಮಿತ್ರರು ದಾಖಲೆಗಳ ವಿಷಯದಲ್ಲಿ ಫಲಾನುಭವಿಗಳಿಗೆ ನೆರವಾಗುತ್ತಾರೆ. ಆದರೆ ಆರೋಗ್ಯ ಮಿತ್ರರ ಕಾರ್ಯವ್ಯಾಪ್ತಿ ಆಸ್ಪತ್ರೆಯ ಬಾಗಿಲವರೆಗೆ ಮಾತ್ರ. ಮಗು ಕಳೆದುಹೋಗುವುದು ಬಾಗಿಲಿನ ಆಚೆ. ರೋಗಿ ಮಾರ್ಗದರ್ಶಿಯ ಹೊಣೆ ಆರಂಭವಾಗುವುದೂ ಅಲ್ಲಿಯೇ. ನಿಗದಿತ ದಿನ ಮಗು ಬಾರದಿದ್ದಲ್ಲಿ ಅದೇ ಸಂಜೆ ದೂರವಾಣಿ ಕರೆ ಮಾಡಿ ವಿಚಾರಿಸುವುದು, ರಕ್ತ ಪರೀಕ್ಷೆಯನ್ನು ಸಮೀಪದ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಲು ವೈದ್ಯರೊಂದಿಗೆ ಏರ್ಪಾಟು ಮಾಡುವುದು, ತಂಗಲು ಸ್ಥಳ ಹುಡುಕಿಕೊಡುವುದು, ವೈದ್ಯರು ಹೇಳಿದ್ದನ್ನು ಪೋಷಕರ ಭಾಷೆಯಲ್ಲಿ ಮತ್ತೊಮ್ಮೆ ವಿವರಿಸುವುದು ಅವರ ಕೆಲಸ.

ಈ ಪದ್ಧತಿಯು 1990ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯಲ್ಲಿ ಡಾ. ಹೆರಾಲ್ಡ್ ಫ್ರೀಮನ್ ಅವರಿಂದ, ಸ್ತನ ಕ್ಯಾನ್ಸರಿನ ಬಡ ರೋಗಿಗಳಿಗಾಗಿ ಆರಂಭವಾಯಿತು. ಅಲ್ಲಿ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ. 39ರಿಂದ ಶೇ. 70ಕ್ಕೆ ಏರಿತು. ಉಚಿತ ಅಥವಾ ಅಲ್ಪ ದರದ ತಪಾಸಣೆಯೂ ಇದರಲ್ಲಿ ಸೇರಿದ್ದುದರಿಂದ ಎಲ್ಲ ಶ್ರೇಯಸ್ಸನ್ನು ಮಾರ್ಗದರ್ಶಿಗಳಿಗೇ ಸಲ್ಲಿಸಲಾಗದು. ಭಾರತದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು 2019ರಲ್ಲಿ ‘ಕೇವಟ್’ ಎಂಬ ಹೆಸರಿನಲ್ಲಿ ಈ ವೃತ್ತಿಗೆ ತರಬೇತಿ ಆರಂಭಿಸಿತು. ಕೇವಟ್ ಎಂದರೆ ಅಂಬಿಗ; ಹೆಸರು ಔಚಿತ್ಯಪೂರ್ಣವಾಗಿದೆ.

ಮಾರ್ಗದರ್ಶಿಯನ್ನು ನೇಮಿಸಿದ ಮಾತ್ರಕ್ಕೆ ಉದ್ದೇಶ ಈಡೇರದು. ಒಬ್ಬರಿಗೆ ಮಿತಿಮೀರಿದ ಸಂಖ್ಯೆಯ ಮಕ್ಕಳನ್ನು ವಹಿಸಿದಲ್ಲಿ ಅಥವಾ ಕೆಲವೇ ತಿಂಗಳ ಗುತ್ತಿಗೆಯಲ್ಲಿ ವ್ಯಕ್ತಿಗಳು ಬದಲಾಗುತ್ತಿದ್ದಲ್ಲಿ, ಮೂರು ವರ್ಷಗಳ ಚಿಕಿತ್ಸೆಗೆ ಬೇಕಾದ ವಿಶ್ವಾಸ ಬೆಳೆಯುವುದಿಲ್ಲ. ವೈದ್ಯರೊಂದಿಗೆ ನೇರವಾಗಿ ಮಾತನಾಡುವ ಅಧಿಕಾರವಿಲ್ಲದ ಮಾರ್ಗದರ್ಶಿಯು ಪೋಷಕರ ಪಾಲಿಗೆ ಇನ್ನೊಂದು ಕೌಂಟರ್ ಆಗಿಯೇ ಉಳಿಯುವ ಸಂಭವವಿದೆ.

ಮಾರ್ಗದರ್ಶಿಗಳಿಲ್ಲದ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳ ಪೋಷಕರು, ಬಿಡುಗಡೆಗೆ ಮುನ್ನ ಮುಂದಿನ ಭೇಟಿಯ ದಿನಾಂಕ, ಚಿಕಿತ್ಸೆ ಮುಗಿಯುವ ಅಂದಾಜು ಅವಧಿ ಮತ್ತು ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಯನ್ನು ಬರಹದಲ್ಲಿ ಪಡೆದುಕೊಳ್ಳುವುದು ಸೂಕ್ತ. ಚಿಕಿತ್ಸೆಯ ಅವಧಿಯಲ್ಲಿ ಜ್ವರ ಬಂದಲ್ಲಿ ಮುಂದಿನ ದಿನಾಂಕಕ್ಕಾಗಿ ಕಾಯದೆ ತಕ್ಷಣ ಆಸ್ಪತ್ರೆಯನ್ನು ಸಂಪರ್ಕಿಸತಕ್ಕದ್ದು. ಚಿಕಿತ್ಸೆಗಾಗಿ ರೈಲಿನಲ್ಲಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ದರ ರಿಯಾಯಿತಿ ಲಭ್ಯವಿದ್ದು, ಇದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಅಗತ್ಯ. ಪಡಿತರ ಚೀಟಿಯಲ್ಲಿ ಮಗುವಿನ ಹೆಸರು ಸೇರ್ಪಡೆಯಾಗಿಲ್ಲದಿದ್ದಲ್ಲಿ ಆ ಬಗ್ಗೆ ಮೊದಲ ಭೇಟಿಯಲ್ಲಿಯೇ ಆರೋಗ್ಯ ಮಿತ್ರರಿಗೆ ತಿಳಿಸಬೇಕು.