ಅಭ್ಯಾಸದಿಂದ ಅರಳುವ ಪ್ರತಿಭೆ

ಬಿತ್ತಿದ ಬೀಜವೆಲ್ಲ ಮೊಳೆಯುವುದಿಲ್ಲ. ಆದರೆ ಬಿತ್ತದೆ ಕಣಜದಲ್ಲಿಟ್ಟ ಬೀಜ ಎಂದೂ ಬೆಳೆಯಾಗುವುದಿಲ್ಲ. ಮನುಷ್ಯನ ಬುದ್ಧಿಯೂ ಹಾಗೆಯೇ. ಭಗವಂತ ಎಲ್ಲರಿಗೂ ಬುದ್ಧಿಯನ್ನು ಕರುಣಿಸಿದ್ದಾನೆ. ಅದನ್ನು ಉತ್ತು ಹದಮಾಡಿ ಹೊಸತನ್ನು ಬೆಳೆಯುವವರು ವಿರಳ. ಹೊಸದನ್ನು ಕಾಣುವ, ಕಟ್ಟುವ ಈ ಶಕ್ತಿಯನ್ನು ಹಿಂದಿನವರು ಪ್ರತಿಭೆ ಎಂದರು, ಇಂದಿನವರು ಸೃಜನಶೀಲತೆ ಎನ್ನುತ್ತಾರೆ. ಅದು ಕವಿಗಳ ಸೊತ್ತು, ನೇಗಿಲು ಹಿಡಿದವನಿಗೂ ಊರಿನ ಹಿರಿತನ ಹೊತ್ತವನಿಗೂ ಅದರ ಗೊಡವೆ ಏಕೆ ಎಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಇದು ಸರಿಯಲ್ಲ.

ಕಾಶ್ಮೀರದ ಮಮ್ಮಟಾಚಾರ್ಯರು ‘ಕಾವ್ಯಪ್ರಕಾಶ’ದಲ್ಲಿ ಕಾವ್ಯ ಹುಟ್ಟಲು ಮೂರು ಸಂಗತಿಗಳು ಬೇಕೆಂದು ಹೇಳಿದ್ದಾರೆ. ಹುಟ್ಟಿನಿಂದ ಬಂದ ಶಕ್ತಿ, ಲೋಕವನ್ನೂ ಶಾಸ್ತ್ರಗಳನ್ನೂ ಪರಿಶೀಲಿಸಿ ಪಡೆದ ನಿಪುಣತೆ, ಬಲ್ಲವರಿಂದ ಕಲಿತು ಮಾಡುವ ಅಭ್ಯಾಸ. ಮೂರೂ ಬೇರೆ ಬೇರೆ ಕಾರಣಗಳಲ್ಲ, ಮೂರೂ ಕೂಡಿ ಒಂದೇ ಕಾರಣವೆಂಬುದು ಅವರ ನಿರ್ಣಯ. ಹುಟ್ಟಿನ ಪಾಲು ಒಂದಾದರೆ ಉಳಿದೆರಡು ನಮ್ಮ ಪ್ರಯತ್ನಕ್ಕೆ ಬಿಟ್ಟದ್ದು. ಕಾವ್ಯಕ್ಕೆ ಸಲ್ಲುವ ಈ ಮಾತು ಕಾಯಕಕ್ಕೂ ಸಲ್ಲುತ್ತದೆ.

ಹೆಬ್ಬಾಳದ ಆಚೆ ಜಿ.ಕೆ.ವಿ.ಕೆ.ಯಲ್ಲಿ ನಡೆಯುವ ಕೃಷಿಮೇಳಕ್ಕೆ ಹೋಗಿಬರುವ ರೈತರು ರಾಗಿ ಲಕ್ಷ್ಮಣಯ್ಯನವರ ಹೆಸರನ್ನು ಕೇಳಿರಬಹುದು. ಅವರು ದುಡಿದದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ರಾಗಿಯ ಹೂವು ಅತಿ ಚಿಕ್ಕದು. ತನ್ನ ಪರಾಗದಿಂದ ತಾನೇ ಕಾಳು ಕಟ್ಟುತ್ತದೆ. ಎರಡು ತಳಿಗಳನ್ನು ಕೂಡಿಸುವುದು ಬಲು ಕಷ್ಟ. ರಾಗಿಯ ತವರು ಆಫ್ರಿಕ. ಸಾವಿರಾರು ವರ್ಷಗಳ ಹಿಂದೆ ಅಗಲಿದ ಎರಡು ಬಳಗಗಳನ್ನು ಲಕ್ಷ್ಮಣಯ್ಯನವರು ಮತ್ತೆ ಒಂದು ಮಾಡಿದರು. ಇಂಡಿಯಾ, ಆಫ್ರಿಕ ಎರಡರ ಹೆಸರೂ ಸೇರಿ ‘ಇಂಡಾಫ್’ ತಳಿಗಳಾದವು. ನಮ್ಮ ಹೊಲಗಳಲ್ಲಿ ರಾಗಿಯ ಇಳುವರಿ ಹೆಚ್ಚಿತು, ಬಡವರ ಮನೆಯ ಮುದ್ದೆ ದೊಡ್ಡದಾಯಿತು. ಇದು ಒಂದು ರಾತ್ರಿಯ ಹೊಳಹಲ್ಲ. ವರ್ಷ ವರ್ಷವೂ ಪೈರಿನ ಸಾಲಿನಲ್ಲಿ ನಿಂತು ಒಂದೊಂದು ತೆನೆಯನ್ನೂ ಕಣ್ಣಿಟ್ಟು ನೋಡಿದ ಅಭ್ಯಾಸದ ಫಲ.

ಕಾಯಕದಲ್ಲಿ ಹೀಗಾದರೆ, ನಾಯಕತ್ವದಲ್ಲಿ ಹೇಗೆ? ದೂರ ಹೋಗಬೇಕಿಲ್ಲ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದರು. ಆ ಎತ್ತರದ ನೆಲದಲ್ಲಿ ದೊಡ್ಡ ಹೊಳೆಯಿರಲಿಲ್ಲ. ಹೊಳೆಯಿಲ್ಲದ ಕಡೆ ಊರು ಬಾಳದು ಎಂದು ಅವರು ಕೈಕಟ್ಟಿ ಕೂರಲಿಲ್ಲ. ಬಿದ್ದ ಮಳೆಯನ್ನು ಹಿಡಿಯಲು ಧರ್ಮಾಂಬುಧಿ, ಕೆಂಪಾಂಬುಧಿ ಕೆರೆಗಳನ್ನು ಕಟ್ಟಿಸಿದರು. ಒಂದೊಂದು ಕಸುಬಿಗೂ ಒಂದೊಂದು ನೆಲೆಯಾಗಿ ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆಗಳು ಬೆಳೆದವು. ಇಲ್ಲದ್ದನ್ನು ನೆನೆದು ಕೊರಗುವವನು ನಾಯಕನಲ್ಲ; ಇದ್ದುದರಲ್ಲಿ ಆಗಬಹುದಾದುದನ್ನು ಕಾಣುವವನು ನಾಯಕ.

ನಾಯಕನಿಗೆ ಇನ್ನೊಂದು ಗುಣವೂ ಬೇಕು. ಅದು ಕೇಳುವ ಗುಣ. 12ನೇ ಶತಮಾನದ ಅನುಭವ ಮಂಟಪದಲ್ಲಿ ಶೂನ್ಯ ಪೀಠದ ಮೇಲಿದ್ದವರು ಅಲ್ಲಮಪ್ರಭುಗಳು. ಆದರೆ ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ಅಕ್ಕಿ ಆಯುವ ಲಕ್ಕಮ್ಮ, ಇವರ ಮಾತಿಗೂ ಅಲ್ಲಿ ಸ್ಥಾನವಿತ್ತು. ತಮ್ಮ ತಮ್ಮ ಕಾಯಕದ ಅನುಭವವನ್ನೇ ಅವರು ವಚನವಾಗಿಸಿದರು. ಪೀಠದಲ್ಲಿ ಕುಳಿತವರು ಕಿವಿ ತೆರೆದಿದ್ದುದರಿಂದ ಕನ್ನಡಕ್ಕೆ ಒಂದು ಹೊಸ ಸಾಹಿತ್ಯವೇ ದೊರೆಯಿತು.

ಇಂದು ನಮ್ಮ ಮನೆಗಳಲ್ಲಿ ಆಗುತ್ತಿರುವುದೇನು? 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಯಲಹಂಕದ ಸುತ್ತಿನ ಎಷ್ಟೋ ಹೊಲಗಳು ಬಡಾವಣೆಗಳಾದವು. ಹಣ ಬಂತು, ಕೆಲಸ ಹೋಯಿತು. ಬಂದ ಹಣ ಕರಗುತ್ತದೆ. ಕಲಿತ ಕಸುಬು ಕರಗುವುದಿಲ್ಲ. ಉಳಿದ ಅರ್ಧ ಎಕರೆಯಲ್ಲಿ ಹೂವು ಬೆಳೆಯುತ್ತೇನೆ, ರಾಗಿಯ ಹುರಿಹಿಟ್ಟು ಮಾಡಿ ಮಾರುತ್ತೇನೆ ಎಂದು ಮಗನೋ ಮಗಳೋ ಹೇಳಿದರೆ, ನಮಗಿಂತ ನಿನಗೆ ಹೆಚ್ಚು ಗೊತ್ತೇ ಎಂದು ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಒಮ್ಮೆ ಮುಚ್ಚಿದ ಆ ಬಾಯಿ ಮತ್ತೆ ಮನೆಯಲ್ಲಿ ತೆರೆಯುವುದಿಲ್ಲ. ಮಗ ಹರಟೆಯ ಕಟ್ಟೆಗೆ ಹೋದನೆಂದು ಆಮೇಲೆ ಮರುಗಿದರೆ ಫಲವೇನು?

ಆದ್ದರಿಂದ ಹಿರಿಯರಿಗೆ ನಮ್ಮ ಮಾತಿಷ್ಟೆ. ಇಡೀ ಹೊಲವನ್ನು ಕೊಡಬೇಡಿ, ಎರಡು ಗುಂಟೆ ಕೊಡಿ. ಒಂದು ಬೆಳೆ ಕಳೆಯುವ ತನಕ ಅಡ್ಡ ಮಾತಾಡಬೇಡಿ. ಕೆಟ್ಟರೆ ಹಂಗಿಸಬೇಡಿ, ಏಕೆ ಕೆಟ್ಟಿತೆಂದು ಜೊತೆಗೆ ಕುಳಿತು ನೋಡಿ. ಗೆದ್ದರೆ ಹೆಸರು ಅವರಿಗೇ ಇರಲಿ. ಯುವಕರಿಗೂ ಒಂದು ಮಾತು. ಹಳೆಯದನ್ನು ಕಲಿಯದೆ ಹೊಸದನ್ನು ಮಾಡುತ್ತೇನೆಂಬುದು ಬೇರಿಲ್ಲದೆ ಚಿಗುರ ಬಯಸಿದಂತೆ. ಮಳೆಯ ಹದ, ಮಣ್ಣಿನ ಗುಣ, ಬೀಜದ ಆಯ್ಕೆ ಬಲ್ಲವರು ನಿಮ್ಮ ಮನೆಯ ಜಗಲಿಯಲ್ಲೇ ಇದ್ದಾರೆ. ಅವರ ಬಳಿ ಕುಳಿತು ಕೇಳುವುದೂ ಅಭ್ಯಾಸವೇ.

ಹೊಸದೆಲ್ಲ ಒಳ್ಳೆಯದೆಂದು ನಾವು ಹೇಳುವುದಿಲ್ಲ. ಹಾಲಿಗೆ ನೀರು ಬೆರೆಸುವವನಿಗೂ, ಸುಳ್ಳು ಪತ್ರ ಸೃಷ್ಟಿಸಿ ಪರರ ಭೂಮಿ ಹೊಡೆಯುವವನಿಗೂ ಬುದ್ಧಿ ಚುರುಕಾಗಿಯೇ ಇರುತ್ತದೆ. ಅದು ಪ್ರತಿಭೆಯಲ್ಲ, ಕಳ್ಳತನದ ಜಾಣ್ಮೆ. ಮಾಡಿದ್ದು ಎಷ್ಟು ಹೊಸದು ಎಂಬುದಕ್ಕಿಂತ ಅದರಿಂದ ಎಷ್ಟು ಜನರ ಹಸಿವು ನೀಗಿತು ಎಂಬುದೇ ದೊಡ್ಡದು. ದಾಸೋಹಕ್ಕೆ ಸಲ್ಲದ ಗಳಿಕೆ ಕಾಯಕವೆನಿಸದು.

ನಿತ್ಯ ಮಾಡುವ ಕೆಲಸವನ್ನೇ ಇಂದು ಒಮ್ಮೆ ಹೊಸ ಕಣ್ಣಿಂದ ನೋಡುವುದು, ಇದಕ್ಕಿಂತ ಚೆನ್ನಾಗಿ ಹೇಗೆ ಮಾಡಬಹುದೆಂದು ಕೇಳಿಕೊಳ್ಳುವುದು, ಅಷ್ಟರಿಂದ ಪ್ರತಿಭೆಯ ಸಾಧನೆ ಮೊದಲಾಗುತ್ತದೆ. ಕೇಳುವ ಮಕ್ಕಳಿರುವ, ಕೇಳಿಸಿಕೊಳ್ಳುವ ಹಿರಿಯರಿರುವ ಮನೆಗೆ ಬಡತನ ಬಂದರೂ ಬಹುಕಾಲ ನಿಲ್ಲದು. ಅಂಥ ಮನೆಗಳು ಊರೂರಲ್ಲಿ ಹೆಚ್ಚಲೆಂದು ಹಾರೈಸುತ್ತೇವೆ.