ಪರಾಂಬರಿಸಿ ನೋಡುವವರು ಯಾರು?

ಉಡುಪಿ ಜಿಲ್ಲೆಯ ನಮ್ಮ ನಂದಿಕೂರಿಗೆ ಶಿರ್ವ ದೂರವಲ್ಲ. 2019ರ ಅಕ್ಟೋಬರ್‌ನಲ್ಲಿ ಅಲ್ಲಿನ ಇಗರ್ಜಿಯ ಯುವ ಸಹಾಯಕ ಗುರುವೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಶಾಲೆಯ ಪ್ರಾಂಶುಪಾಲರೂ ಆಗಿದ್ದವರು. ದುಃಖ ಆರುವ ಮೊದಲೇ ಅವರ ನಡತೆಯ ಬಗ್ಗೆ ಗುಸುಗುಸು ಶುರುವಾಯಿತು. ಆಮೇಲೆ ಬೆರಳು ಚರ್ಚಿನ ಆಡಳಿತದ ಕಡೆ ತಿರುಗಿತು. ಏನನ್ನೋ ಮುಚ್ಚಿಡಲಾಗುತ್ತಿದೆ ಎಂದು ಭಕ್ತರು ಇಗರ್ಜಿಯ ಅಂಗಳದಲ್ಲಿ ಸೇರಿ ಉತ್ತರ ಕೇಳಿದರು. ಕೊನೆಗೆ ಫೋನಿನಲ್ಲಿ ಬೈದು ಸಾಯಲು ಹೇಳಿದರೆಂದು ಒಬ್ಬರ ಮೇಲೆ ಪ್ರಚೋದನೆಯ ಪ್ರಕರಣ ದಾಖಲಾಗಿ, ಅವರ ಬಂಧನವೂ ಆಯಿತು. 2024ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಆ ಪ್ರಕರಣವನ್ನು ರದ್ದುಪಡಿಸಿದರು. ಸಿಟ್ಟಿನ ಭರದ ಅಂಥದೊಂದು ಮಾತಷ್ಟೇ ಪ್ರಚೋದನೆ ಎನಿಸದು, ಮನುಷ್ಯನ ಮನಸ್ಸು ಅಷ್ಟು ಸರಳವಲ್ಲ ಎಂಬುದು ತೀರ್ಪಿನ ಸಾರ.

ಅದು ಲೈಂಗಿಕ ದೌರ್ಜನ್ಯದ ಪ್ರಕರಣವಲ್ಲ. ಹಾಗಾಗಿಯೇ ಇಲ್ಲಿ ಸತ್ತವರ, ಬಂಧಿತರ ಹೆಸರನ್ನು ಬರೆಯುತ್ತಿಲ್ಲ. ಆದರೆ ಆರೋಪ ಎಂಬುದು ನಮ್ಮೂರುಗಳಲ್ಲಿ ಹೇಗೆ ಓಡಾಡುತ್ತದೆ ಎಂಬುದಕ್ಕೆ ಅದಕ್ಕಿಂತ ಹತ್ತಿರದ ಉದಾಹರಣೆ ಸಿಗದು. ಸತ್ತವರು, ಆಡಳಿತದವರು, ಬಂಧಿತರು ಎಲ್ಲರ ಮೇಲೂ ಊರು ತೀರ್ಪು ಕೊಟ್ಟು ಮುಗಿಸಿತ್ತು. ನ್ಯಾಯಾಲಯದ ಮಾತು ಬರುವಷ್ಟರಲ್ಲಿ ನಾಲ್ಕು ವರ್ಷ ದಾಟಿತ್ತು, ಕೇಳುವ ಆಸಕ್ತಿ ಯಾರಿಗೂ ಉಳಿದಿರಲಿಲ್ಲ.

ಪಾದ್ರಿಗಳ ಮೇಲೆ ದೌರ್ಜನ್ಯದ ದೂರು ಬಂದಾಗಲೆಲ್ಲ ನಮ್ಮಲ್ಲಿ ಎರಡು ಗುಂಪು. ‘ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ’ ಎನ್ನುವುದು ಒಂದು. ‘ನಮ್ಮ ಫಾದರ್ ಅಂಥವರಲ್ಲ, ಇದು ಪಿತೂರಿ’ ಎನ್ನುವುದು ಇನ್ನೊಂದು. ಎರಡೂ ಗುಂಪಿಗೆ ತನಿಖೆ ಬೇಡ, ಯಾಕೆಂದರೆ ಉತ್ತರ ಇಬ್ಬರಿಗೂ ಮೊದಲೇ ಗೊತ್ತು. ಎರಡನೆಯ ಗುಂಪಿನ ಅಂಜಿಕೆಗೆ ಕಾರಣವಿಲ್ಲದಿಲ್ಲ. 2008ರ ಸೆಪ್ಟೆಂಬರ್‌ನಲ್ಲಿ ಕರಾವಳಿಯ ಪ್ರಾರ್ಥನಾ ಮಂದಿರಗಳ ಮೇಲೆ ನಡೆದ ದಾಳಿಯನ್ನು ಕಂಡ ಸಮುದಾಯಕ್ಕೆ, ಮನೆಯ ಮಾತು ಹೊರಗೆ ಹೋದರೆ ಅದೇ ಆಯುಧವಾದೀತು ಎಂಬ ಭಯ ಸಹಜ. ಆದರೆ ಆ ಭಯದಿಂದ ಬಾಗಿಲು ಹಾಕಿಕೊಂಡಾಗ ಒಳಗೆ ಸಿಕ್ಕಿಬೀಳುವುದು ನಿರಪರಾಧಿ ಗುರುವೂ ಹೌದು.

ಮುಚ್ಚಿಡುವ ಗೀಳು ಸುಳ್ಳು ಆರೋಪವನ್ನು ತಾನೇ ಹೆರುತ್ತದೆ ಎಂಬುದಕ್ಕೆ ಕೊಟ್ಟಿಯೂರನ್ನು ನೋಡಿ. ನಮ್ಮವರು ವೈಶಾಖೋತ್ಸವಕ್ಕೆ ಹೋಗಿಬರುವ ಕಣ್ಣೂರು ಜಿಲ್ಲೆಯ ಅದೇ ಊರು. 2017ರಲ್ಲಿ ಅಲ್ಲಿನ ಅಪ್ರಾಪ್ತ ಬಾಲಕಿಯೊಬ್ಬಳು ಮಗುವನ್ನು ಹೆತ್ತಾಗ, ತಪ್ಪು ತನ್ನದೆಂದು ಮೊದಲು ಹೇಳಿಕೊಂಡದ್ದು ಅವಳ ಸ್ವಂತ ತಂದೆ. ಧರ್ಮಕೇಂದ್ರದ ಗುರು ರಾಬಿನ್ ವಡಕ್ಕುಂಚೇರಿಯೇ ಮಗುವಿನ ತಂದೆ ಎಂದು ಡಿಎನ್‌ಎ ಪರೀಕ್ಷೆ ತೋರಿಸಿತು. ವಿಚಾರಣೆಯಲ್ಲಿ ಬಾಲಕಿಯೂ ಹೆತ್ತವರೂ ಪ್ರತಿಕೂಲ ಸಾಕ್ಷಿಗಳಾದರು. ಆದರೂ 2019ರ ಫೆಬ್ರವರಿಯಲ್ಲಿ ತಲಶ್ಶೇರಿಯ ಪೋಕ್ಸೋ ನ್ಯಾಯಾಲಯ 20 ವರ್ಷಗಳ ಶಿಕ್ಷೆ ವಿಧಿಸಿತು. ಮುಂದೆ ಕೇರಳ ಹೈಕೋರ್ಟ್ ಅದನ್ನು 10 ವರ್ಷಕ್ಕೆ ಇಳಿಸಿತು. ಆ ಪ್ರಕರಣದ ಸುಳ್ಳು ಆರೋಪಕ್ಕೆ ಗುರಿಯಾದವರು ಪಾದ್ರಿಯಲ್ಲ, ಒಬ್ಬ ಬಡಪಾಯಿ ಅಪ್ಪ.

ತದ್ವಿರುದ್ಧವಾದದ್ದೂ ಆಗಿದೆ. 2011ರಲ್ಲಿ ಐರ್ಲೆಂಡಿನ ಸರ್ಕಾರಿ ವಾಹಿನಿ ಆರ್‌ಟಿಇ, ಕೆವಿನ್ ರೆನಾಲ್ಡ್ಸ್ ಎಂಬ ಪಾದ್ರಿ ಕೀನ್ಯಾದಲ್ಲಿ ಬಾಲಕಿಯನ್ನು ಗರ್ಭಿಣಿ ಮಾಡಿದ್ದರು ಎಂದು ಬಿತ್ತರಿಸಿತು. ಪ್ರಸಾರಕ್ಕೆ ಮೊದಲೇ ಅವರು ಪಿತೃತ್ವ ಪರೀಕ್ಷೆಗೆ ಸಿದ್ಧ ಎಂದಿದ್ದರು. ವಾಹಿನಿ ಕಾಯಲಿಲ್ಲ. ಪರೀಕ್ಷೆ ಅವರನ್ನು ನಿರ್ದೋಷಿ ಎಂದಿತು; ವಾಹಿನಿ ಕ್ಷಮೆ ಕೇಳಿತು, ಪರಿಹಾರ ಕೊಟ್ಟಿತು, 2 ಲಕ್ಷ ಯೂರೋ ದಂಡವನ್ನೂ ತೆತ್ತಿತು. ಕೊಟ್ಟಿಯೂರಿನಲ್ಲಿ ಅಪರಾಧಿಯನ್ನು ಹಿಡಿದುಕೊಟ್ಟ ಪರೀಕ್ಷೆಯೇ ಇಲ್ಲಿ ನಿರಪರಾಧಿಯನ್ನು ಉಳಿಸಿತು.

ಇನ್ನೊಂದು ವಿಷಯದಲ್ಲಿ ನಾವು ಅವಸರಪಡುತ್ತೇವೆ. ಖುಲಾಸೆ ಎಂದರೆ ದೂರು ಸುಳ್ಳು ಎಂದೇ ಅರ್ಥವಲ್ಲ. ಜಲಂಧರ್‌ನ ಬಿಷಪ್ ಫ್ರಾಂಕೊ ಮುಳಕ್ಕಲ್ 2022ರ ಜನವರಿಯಲ್ಲಿ ಕೋಟ್ಟಯಂ ನ್ಯಾಯಾಲಯದಲ್ಲಿ ಖುಲಾಸೆಯಾದರು. ಕಾಳು ಜೊಳ್ಳು ಬೇರ್ಪಡಿಸಲಾಗದಂತೆ ಸಾಕ್ಷ್ಯ ಬೆರೆತಿದೆ ಎಂಬ ಕಾರಣವನ್ನು ನ್ಯಾಯಾಧೀಶರು ಕೊಟ್ಟರು. ಆಸ್ಟ್ರೇಲಿಯಾದ ಕಾರ್ಡಿನಲ್ ಜಾರ್ಜ್ ಪೆಲ್ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ ಮೇಲೆ 2020ರ ಏಪ್ರಿಲ್‌ನಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯದ ಏಳೂ ನ್ಯಾಯಾಧೀಶರು ಅವರನ್ನು ಬಿಡುಗಡೆ ಮಾಡಿದರು. ಸಂಶಯಕ್ಕೆ ಎಡೆ ಇತ್ತು ಎಂದರೇ ಹೊರತು ದೂರುದಾರ ಸುಳ್ಳುಗಾರ ಎನ್ನಲಿಲ್ಲ. ಇಂಥ ತೀರ್ಪು ಬಂದ ದಿನ ಪಟಾಕಿ ಹೊಡೆಯುವುದಾಗಲಿ, ನ್ಯಾಯಾಲಯವೇ ಮಾರಿಹೋಯಿತು ಎನ್ನುವುದಾಗಲಿ ತೀರ್ಪನ್ನು ಓದಿದವರು ಆಡುವ ಆಟವಲ್ಲ.

ಹಾಗಾದರೆ ಉಡುಪಿ ಧರ್ಮಪ್ರಾಂತದಿಂದ ನಾವೇನು ಕೇಳಬಹುದು? 2012ರಲ್ಲಿ ಮಂಗಳೂರಿನಿಂದ ಬೇರೆಯಾದ ಧರ್ಮಪ್ರಾಂತವಿದು. ಕ್ರೈಸ್ತ ಸಂಸ್ಥೆಗಳ ಶಾಲೆಗಳಲ್ಲಿ ಎಲ್ಲ ಜಾತಿ ಮತದ ಮಕ್ಕಳು ಓದುತ್ತಾರೆ. ಅತ್ತೂರು ಇಗರ್ಜಿಯ ಸಾಂತ್‌ಮಾರಿ ಹಬ್ಬಕ್ಕೆ ಊರಿಗೆ ಊರೇ ಹೋಗುತ್ತದೆ. ಹಾಗಾಗಿ ಇದು ಬರೀ ಕ್ರೈಸ್ತರ ಮನೆಯೊಳಗಿನ ವಿಚಾರವಲ್ಲ. ಮಕ್ಕಳ ವಿಷಯದಲ್ಲಿ ಕಾನೂನು ಸ್ಪಷ್ಟವಾಗಿದೆ. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ದೌರ್ಜನ್ಯ ನಡೆದದ್ದು ತಿಳಿದವರು ಪೊಲೀಸರಿಗೆ ಹೇಳಲೇಬೇಕು. ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ಹಗೆಯಿಂದ ಸುಳ್ಳು ದೂರು ಕೊಡುವ ವಯಸ್ಕರಿಗೂ 22ನೇ ಸೆಕ್ಷನ್‌ನಲ್ಲಿ ಶಿಕ್ಷೆಯಿದೆ; ಮಗುವಿಗೆ ಇಲ್ಲ, ಇರಲೂಬಾರದು. ಪೋಪ್ ಫ್ರಾನ್ಸಿಸ್ 2019ರಲ್ಲಿ ಹೊರಡಿಸಿದ ನಿಯಮಗಳೂ ದೂರು ಕೊಡುವ ದಾರಿಯನ್ನು ತೆರೆದಿಡುವಂತೆ ಹೇಳುವುದರ ಜೊತೆಗೇ, ಆರೋಪಿಯನ್ನು ನಿರಪರಾಧಿಯೆಂದೇ ಭಾವಿಸಿ ತನಿಖೆ ಮಾಡುವಂತೆ ವಿಧಿಸುತ್ತವೆ.

ಕಾನೂನು ಹೇಳುವುದರ ಜೊತೆಗೆ ಧರ್ಮಪ್ರಾಂತ ಮಾಡಬೇಕಾದದ್ದು ಸ್ವಲ್ಪವೇ ಇದೆ. ದೂರು ಯಾರಿಗೆ, ಹೇಗೆ ಕೊಡಬೇಕು ಎಂಬುದು ಪ್ರತಿ ಇಗರ್ಜಿಯ, ಶಾಲೆಯ ಫಲಕದಲ್ಲಿರಲಿ. ತನಿಖಾ ಸಮಿತಿಯಲ್ಲಿ ಪಾದ್ರಿಗಳಿಗಿಂತ ಹೊರಗಿನ ವಕೀಲರು, ವೈದ್ಯರು, ಹೆಂಗಸರು ಹೆಚ್ಚಿರಲಿ. ತನಿಖೆ ನಡೆಯುವಾಗ ಗುರುಗಳು ಹುದ್ದೆಯಿಂದ ಪಕ್ಕಕ್ಕಿರುವುದು ಶಿಕ್ಷೆಯಲ್ಲ ಎಂದು ಜನರಿಗೆ ಮೊದಲೇ ತಿಳಿಸಿರಲಿ; ರಾತ್ರೋರಾತ್ರಿ ದೂರದ ಊರಿಗೆ ವರ್ಗ ಮಾಡುವ ಹಳೆಯ ಉಪಾಯ ನಿಲ್ಲಲಿ. ಆರೋಪ ಸುಳ್ಳೆಂದು ಸಾಬೀತಾದರೆ, ಬಿಷಪರೇ ಆ ಇಗರ್ಜಿಗೆ ಬಂದು ಭಾನುವಾರದ ಪೂಜೆಯಲ್ಲಿ ಎಲ್ಲರೆದುರು ಹಾಗೆಂದು ಘೋಷಿಸಲಿ.

ಇದೆಲ್ಲ ಆಗದ ಮಾತಲ್ಲ. ಷಿಕಾಗೋದ ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ 1992ರಲ್ಲಿ ಇಂಥದೊಂದು ಸ್ವತಂತ್ರ ಸಮಿತಿ ಕಟ್ಟಿದರು. ಮರುವರ್ಷ ಅವರ ಮೇಲೆಯೇ ದೂರು ಬಂತು. ತಾವು ಕಟ್ಟಿದ ಸಮಿತಿಯೇ ತಮ್ಮನ್ನೂ ವಿಚಾರಿಸಲಿ ಎಂದರು ಅವರು. 1994ರಲ್ಲಿ ದೂರುದಾರ, ಸಂಮೋಹನದಲ್ಲಿ ಮೂಡಿದ ತನ್ನ ನೆನಪನ್ನು ನಂಬಲಾಗದು ಎಂದು ದೂರನ್ನು ಹಿಂಪಡೆದ. ಕಾರ್ಡಿನಲ್ ಅವನನ್ನು ಕಂಡು ರಾಜಿಯಾದರು. ಅವರ ಮಾತನ್ನು ಜನ ನಂಬಿದ್ದಕ್ಕೆ ಒಂದು ಕಾರಣ, ಅವರು ಪರೀಕ್ಷೆಗೆ ಹೆದರಲಿಲ್ಲ ಎಂಬುದು.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದರು ಹಿರಿಯರು. ಪರಾಂಬರಿಸುವ ಕೆಲಸವನ್ನು ಊರ ಬಾಯಿಗೂ ವಾಟ್ಸ್‌ಆ್ಯಪ್ ಗುಂಪಿಗೂ ಬಿಟ್ಟರೆ ನೊಂದ ಮಗುವಿಗೂ ನ್ಯಾಯವಿಲ್ಲ, ನಿರಪರಾಧಿ ಗುರುವಿಗೂ ಇಲ್ಲ. ಒಳ್ಳೆಯ ಪಾದ್ರಿಯ ಶತ್ರು ದೂರು ಕೊಟ್ಟವರಲ್ಲ. ದೂರನ್ನು ತನಿಖೆಯಿಲ್ಲದೆ ಕಪಾಟಿನಲ್ಲಿಟ್ಟು ಬೀಗ ಹಾಕಿದವರು.