ಬ್ಯಾಟರಿ ದೊಡ್ಡದಿದ್ರೆ ಸಾಲದು, ಹೊಟ್ಟೆ ತುಂಬಬೇಕು

ಕರೆಂಟ್ ಲೈನ್ ಬಾರದ ತೋಟದ ಮನೆಗೆ ಸೋಲಾರ್ ಹಾಕಿಸೋಕೆ ಹೊರಟವರು ಮೊದಲು ಕೇಳೋದು ಒಂದೇ: "ಅಣ್ಣಾ, ಎಷ್ಟು ಎಎಚ್ ಬ್ಯಾಟರಿ ತಗೊಳ್ಳಲಿ?" ನನ್ನ ಪ್ರಕಾರ ಇದು ಎರಡನೇ ಪ್ರಶ್ನೆ. ಆ ಬ್ಯಾಟರಿ ದಿನಾ ಪೂರ್ತಿ ಚಾರ್ಜ್ ಆಗುತ್ತಾ ಅನ್ನೋದು ಮೊದಲನೇದು.

ಲೆಕ್ಕ ನೋಡಿ. 9 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬ್ 5 ಗಂಟೆ, 30 ವ್ಯಾಟ್ ಫ್ಯಾನ್ 8 ಗಂಟೆ, 10 ವ್ಯಾಟ್ ಕ್ಯಾಮೆರಾ 24 ಗಂಟೆ, 5 ವ್ಯಾಟ್‌ನ ಬೇಲಿ ಯಂತ್ರ 12 ಗಂಟೆ. ಒಟ್ಟು 675 ವ್ಯಾಟ್-ಅವರ್. 12 ವೋಲ್ಟ್, 150 ಎಎಚ್ ಬ್ಯಾಟರಿಯಲ್ಲಿ 1800 ಇರುತ್ತೆ. ಲೆಡ್ ಆಸಿಡ್ ಆದ್ರೆ ಅದರಲ್ಲಿ ಅರ್ಧ, ಅಂದ್ರೆ 900ರೊಳಗೆ ಬಳಸಿದ್ರೆ ಬಾಳಿಕೆ ಬರುತ್ತೆ. ಇಲ್ಲೀವರೆಗೆ ಸರಿ.

ಎಡವೋದು ಚಾರ್ಜ್ ಕಂಟ್ರೋಲರ್‌ನಲ್ಲಿ. 330 ವ್ಯಾಟ್‌ನ ಪ್ಯಾನೆಲ್ ಸುಮಾರು 37 ವೋಲ್ಟ್‌ನಲ್ಲಿ 9 ಆಂಪಿಯರ್ ಕೊಡುತ್ತೆ. ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಅದನ್ನ ಬ್ಯಾಟರಿಯ 13 ವೋಲ್ಟ್‌ಗೆ ಎಳೆಯುತ್ತೆ, ಆಂಪಿಯರ್ ಮಾತ್ರ ಅಷ್ಟೇ ಇರುತ್ತೆ. ಕೈಗೆ ಸಿಗೋದು 117 ವ್ಯಾಟ್! 4 ಗಂಟೆ ಒಳ್ಳೇ ಬಿಸಿಲಿಗೆ 468 ವ್ಯಾಟ್-ಅವರ್. ಖರ್ಚು 675, ಜಮೆ 468. ಎಂಪಿಪಿಟಿ ಕಂಟ್ರೋಲರ್ ಹೆಚ್ಚುವರಿ ವೋಲ್ಟನ್ನ ಆಂಪಿಯರ್ ಮಾಡಿಕೊಡುತ್ತೆ. ನಷ್ಟ ಕಳೆದರೂ 1000ದ ಹತ್ತಿರ ಸಿಗುತ್ತೆ.

ಅರೆಹೊಟ್ಟೇಲಿ ದಿನಗಟ್ಟಲೆ ನಿಂತ ಲೆಡ್ ಬ್ಯಾಟರಿಯ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಎಷ್ಟು ಚಾರ್ಜ್ ಮಾಡಿದ್ರೂ ಹಿಡಿಯಲ್ಲ. ಹಂದಿ ನುಗ್ಗೋ ರಾತ್ರೀನೇ ಬೇಲಿ ಸತ್ತಿರುತ್ತೆ.

ಟ್ರ್ಯಾಕ್ಟರ್ ಬ್ಯಾಟರಿ ಇದೆಯಲ್ಲ, ಅದನ್ನೇ ಹಾಕೋಣ ಅನ್ನೋರಿಗೂ ಒಂದು ಮಾತು. ಅದರ ಪ್ಲೇಟ್ ತೆಳು. ಇಂಜಿನ್ ಸ್ಟಾರ್ಟ್ ಮಾಡೋಕೆ ಒಂದು ಕ್ಷಣ ಜೋರು ಕರೆಂಟ್ ಕೊಡೋದಷ್ಟೇ ಅದರ ಕೆಲಸ. ರಾತ್ರಿಯಿಡೀ ಹಿಂಡಿದ್ರೆ ಬೇಗ ಹಾಳು. ಸಿ10 ಅಂತ ಬರೆದಿರೋ ಸೋಲಾರ್ ಟ್ಯೂಬುಲರ್ ತಗೊಳ್ಳಿ. ಗಾಳಿ ಆಡೋ ಜಾಗದಲ್ಲಿಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬೋರ್ ನೀರು ಬೇಡ. ಲಿಥಿಯಂ ಫಾಸ್ಫೇಟ್ ಆದ್ರೆ ನೀರಿನ ಗೋಜಿಲ್ಲ, 80 ಭಾಗದವರೆಗೆ ಬಳಸಬಹುದು. ಆದ್ರೆ ದುಡ್ಡು ಜಾಸ್ತಿ, ಕಂಟ್ರೋಲರ್‌ನಲ್ಲಿ ಲಿಥಿಯಂ ಸೆಟ್ಟಿಂಗ್ ಇರಲೇಬೇಕು.

ಈಗಾಗಲೇ ಲೆಡ್ ಬ್ಯಾಟರಿ ಇದ್ರೆ, ಬೆಳಿಗ್ಗೆ ಬಿಸಿಲು ಬೀಳೋ ಮುಂಚೆ ಲೋಡೆಲ್ಲಾ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮಲ್ಟಿಮೀಟರ್ ಹಿಡೀರಿ. 12.7 ವೋಲ್ಟ್ ಅಂದ್ರೆ ಫುಲ್, 12.2 ಅಂದ್ರೆ ಅರ್ಧ. ದಿನಾ ಅದಕ್ಕಿಂತ ಕೆಳಗೆ ತೋರಿಸ್ತಿದ್ರೆ ಎರಡನೇ ಬ್ಯಾಟರಿಗೆ ದುಡ್ಡು ಹಾಕಬೇಡಿ. ಮೊದಲು ಕಂಟ್ರೋಲರ್, ಆಮೇಲೆ ಪ್ಯಾನೆಲ್, ಕೊನೆಗೆ ಬ್ಯಾಟರಿ.